ಡೊನೆಗಾಲ್‌ನಿಂದ ಫತೋರ್ಡಾಕ್ಕೆ: ಐರಿಷ್ ಆಟಗಾರ ಕಾರ್ಲ್ ಮಕ್‌ಹ್ಯೂ ವೃತ್ತಿಜೀವನದ ಒಂದು ಓದು

1. ವಿಷಯ ಮತ್ತು ವ್ಯಾಪ್ತಿ

ವೃತ್ತಿಪರ ಫುಟ್‌ಬಾಲ್ ಎಂದರೆ ಬೆಂಗಳೂರು, ಕೋಲ್ಕತ್ತಗಳ ಸಂಗತಿ, ತಮಗೆ ಸಂಬಂಧವಿಲ್ಲದ್ದು ಎಂಬ ಭಾವನೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಬೇರೂರಿದೆ. ಭೂಗೋಳ ಬೇರೆಯದನ್ನೇ ಹೇಳುತ್ತದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ರಾಷ್ಟ್ರೀಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸಿಗುವ ದೊಡ್ಡ ಊರು ಕೊಲ್ಹಾಪುರ. ಮಹಾರಾಷ್ಟ್ರದಲ್ಲಿ ಫುಟ್‌ಬಾಲ್ ಹುಚ್ಚು ಅತಿ ಹೆಚ್ಚಿರುವ ಊರುಗಳಲ್ಲಿ ಅದೂ ಒಂದು. ಘಟಪ್ರಭಾ ಮತ್ತು ಗೋಕಾಕ ರೋಡ್ ನಿಲ್ದಾಣಗಳಿರುವ ಮೀರಜ್–ಲೋಂಡಾ ರೈಲು ಮಾರ್ಗವು ಲೋಂಡಾದಲ್ಲಿ ಪಶ್ಚಿಮಕ್ಕೆ ಕವಲೊಡೆದು, ಕ್ಯಾಸಲ್‌ರಾಕ್, ದೂಧಸಾಗರ ದಾಟಿ ಮಡಗಾಂವ್ ಸೇರುತ್ತದೆ. ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಹಲವು ಫೈನಲ್‌ಗಳು ನಡೆದ ಫತೋರ್ಡಾ ಕ್ರೀಡಾಂಗಣ ಇರುವುದು ಅಲ್ಲೇ. ಗೋಕಾಕದವರಿಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕಿಂತ ಫತೋರ್ಡಾ ಬಹಳ ಹತ್ತಿರ.

ಈ ಫತೋರ್ಡಾದಲ್ಲಿ ವರ್ಷಗಟ್ಟಲೆ ಆಡಿದ ಐರ್ಲೆಂಡ್ ಸಂಜಾತ ಆಟಗಾರ ಕಾರ್ಲ್ ಮಕ್‌ಹ್ಯೂ. ಡಿಫೆಂಡರ್ ಆಗಿ ಹೆಸರು ಮಾಡಿ, ನಂತರ ಡಿಫೆಂಡರ್‌ಗಳ ಮುಂದೆ ನಿಲ್ಲುವ ಮಿಡ್‌ಫೀಲ್ಡರ್ ಆಗಿ ಬೆಳೆದವರು. 2024–25ರ ಋತುವಿನವರೆಗಿನ ಅವರ ವೃತ್ತಿಜೀವನವನ್ನು ಕಾಲಾನುಕ್ರಮದಲ್ಲಿ ಇಟ್ಟು, ಅದು ಕರ್ನಾಟಕದ ಫುಟ್‌ಬಾಲ್ ಜೊತೆ ಎಲ್ಲೆಲ್ಲಿ ಮುಖಾಮುಖಿಯಾಯಿತು ಎಂದು ಗುರುತಿಸುವುದು ಈ ಟಿಪ್ಪಣಿಯ ಮೊದಲ ಕೆಲಸ. ಹಿಂದೆ ನಿಂತು ಆಡುವವನ ವೃತ್ತಿಯನ್ನು ಗೋಲುಗಳ ಲೆಕ್ಕದಿಂದ ಅಳೆಯಲಾಗದು. ಎಷ್ಟು ಕಾಲ ನಿಂತ, ಎಷ್ಟು ಸ್ಥಾನಗಳನ್ನು ನಿಭಾಯಿಸಿದ, ಅವನಿದ್ದ ತಂಡ ಎಷ್ಟು ನಿರ್ಣಾಯಕ ಪಂದ್ಯಗಳವರೆಗೆ ತಲುಪಿತು ಎಂಬುದರಿಂದ ಅಳೆಯಬೇಕು ಎಂದು ವಾದಿಸುವುದು ಎರಡನೆಯ ಕೆಲಸ.

2. ಹುಟ್ಟಿದ ನೆಲ

ಮಕ್‌ಹ್ಯೂ ಹುಟ್ಟಿದ್ದು 1993ರ ಫೆಬ್ರುವರಿ 5ರಂದು. ಊರು ಐರ್ಲೆಂಡಿನ ವಾಯವ್ಯ ಮೂಲೆಯ ಡೊನೆಗಾಲ್ ಕೌಂಟಿಯ ಲೆಟರ್‌ಮಕವರ್ಡ್. ಅದು ಕಡಲಂಚಿನ, ಜನವಸತಿ ವಿರಳವಾದ ಗ್ರಾಮೀಣ ಸೀಮೆ. ಅಲ್ಲಿ ಮನೆಮಾತಾದ ಆಟ ನಾವು ತಿಳಿದ ಫುಟ್‌ಬಾಲ್ ಅಲ್ಲ, ಕೈಯನ್ನೂ ಕಾಲನ್ನೂ ಬಳಸಿ ಆಡುವ ಗೇಲಿಕ್ ಫುಟ್‌ಬಾಲ್. ಡೊನೆಗಾಲ್ ಕೌಂಟಿ ತಂಡ 1992ರಲ್ಲೂ 2012ರಲ್ಲೂ ಅಖಿಲ ಐರ್ಲೆಂಡ್ ಗೇಲಿಕ್ ಪ್ರಶಸ್ತಿ ಗೆದ್ದಿತು. ಎವರ್ಟನ್ ಕ್ಲಬ್‌ನಲ್ಲಿ ದೀರ್ಘಕಾಲ ಆಡಿದ, ಐರ್ಲೆಂಡ್ ತಂಡದ ನಾಯಕರೂ ಆದ ಡಿಫೆಂಡರ್ ಶೇಮಸ್ ಕೋಲ್ಮನ್ ಕೂಡ ಇದೇ ಕೌಂಟಿಯ ಕಿಲ್ಲಿಬೆಗ್ಸ್ ಎಂಬ ಮೀನುಗಾರಿಕೆಯ ಊರಿನವರು.

ಕುಸ್ತಿ, ಕಬಡ್ಡಿ, ಕೊಕ್ಕೊಗಳಿಗೆ ಮೊದಲ ಮರ್ಯಾದೆ ಸಲ್ಲುವ ನಮ್ಮ ಮೂರು ತಾಲ್ಲೂಕುಗಳ ಓದುಗರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಊರಿನ ಪ್ರಧಾನ ಆಟ ಬೇರೆಯಾಗಿದ್ದರೂ ಅಲ್ಲಿಂದ ವೃತ್ತಿಪರ ಫುಟ್‌ಬಾಲ್ ಆಟಗಾರ ಹೊರಡಬಲ್ಲ. ಕೊಲ್ಹಾಪುರವೇ ಇದಕ್ಕೆ ಸಮೀಪದ ಸಾಕ್ಷಿ. ಪಾಟಾಕಡೀಲ ತಾಲೀಮ, ದಿಲಬಹಾರ ತಾಲೀಮ, ಖಂಡೋಬಾ ತಾಲೀಮ ಹೀಗೆ ಅಲ್ಲಿನ ಪ್ರಮುಖ ಫುಟ್‌ಬಾಲ್ ತಂಡಗಳು ಗರಡಿ ಮಂಡಳಿಗಳ ಹೆಸರಿನಲ್ಲೇ ಕಣಕ್ಕಿಳಿಯುತ್ತವೆ. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಿದ ಅನಿಕೇತ್ ಜಾಧವ್ ಕೊಲ್ಹಾಪುರದವರು.

3. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್: 2012–2019

ರೆಡಿಂಗ್ ಕ್ಲಬ್‌ನ ಯುವ ತಂಡದಲ್ಲಿ ಪಳಗಿದ ಮಕ್‌ಹ್ಯೂ 2012ರಲ್ಲಿ ಬ್ರಾಡ್‌ಫರ್ಡ್ ಸಿಟಿ ಸೇರಿದರು. ಆಗ ಆ ಕ್ಲಬ್ ಇಂಗ್ಲೆಂಡಿನ ನಾಲ್ಕನೇ ಸ್ತರದ ಲೀಗ್‌ನಲ್ಲಿತ್ತು. ಆ ಋತುವಿನ ಲೀಗ್ ಕಪ್‌ನಲ್ಲಿ ಬ್ರಾಡ್‌ಫರ್ಡ್ ಪ್ರೀಮಿಯರ್ ಲೀಗ್‌ನ ವಿಗನ್, ಆರ್ಸೆನಲ್ ತಂಡಗಳನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಕೆಡವಿತು. 2013ರ ಜನವರಿ 8ರಂದು ತನ್ನ ಅಂಗಳದಲ್ಲಿ ನಡೆದ ಸೆಮಿಫೈನಲ್‌ನ ಮೊದಲ ಸುತ್ತಿನಲ್ಲಿ ಆಸ್ಟನ್ ವಿಲ್ಲಾವನ್ನು 3–1ರಿಂದ ಸೋಲಿಸಿತು. ಮೂರನೇ ಗೋಲು ಮಕ್‌ಹ್ಯೂ ಅವರದು. ಆಗ ಅವರಿಗೆ 19 ವರ್ಷ. ಮರುಸುತ್ತಿನಲ್ಲಿ ವಿಲ್ಲಾ 2–1ರಿಂದ ಗೆದ್ದರೂ ಒಟ್ಟು ಲೆಕ್ಕ 4–3 ಆಗಿ ಬ್ರಾಡ್‌ಫರ್ಡ್ ಫೈನಲ್ ತಲುಪಿತು. ಡಿಫೆಂಡರ್ ಹೊಡೆದ ಆ ಗೋಲು ಇಲ್ಲದಿದ್ದರೆ ಒಟ್ಟು ಲೆಕ್ಕ ಸಮವಾಗುತ್ತಿತ್ತು. ನಾಲ್ಕನೇ ಸ್ತರದ ತಂಡವೊಂದು ಆ ಕಪ್‌ನ ಫೈನಲ್ ಕಂಡದ್ದು 1962ರ ರಾಚ್‌ಡೇಲ್ ನಂತರ ಅದೇ ಮೊದಲು.

ವೆಂಬ್ಲಿಯಲ್ಲಿ ಫೆಬ್ರುವರಿ 24ರಂದು ನಡೆದ ಫೈನಲ್‌ನಲ್ಲಿ ಸ್ವಾನ್ಸಿ 5–0ರಿಂದ ಗೆದ್ದಿತು. ಮೇ 18ರಂದು ಅದೇ ಕ್ರೀಡಾಂಗಣದಲ್ಲಿ ನಡೆದ ಬಡ್ತಿಯ ಫೈನಲ್‌ನಲ್ಲಿ ಬ್ರಾಡ್‌ಫರ್ಡ್ ನಾರ್ಥಾಂಪ್ಟನ್ ಟೌನ್ ತಂಡವನ್ನು 3–0ರಿಂದ ಸೋಲಿಸಿ ಮೂರನೇ ಸ್ತರಕ್ಕೆ ಬಡ್ತಿ ಪಡೆಯಿತು. 2014ರಲ್ಲಿ ಮಕ್‌ಹ್ಯೂ ಪ್ಲಿಮತ್ ಆರ್ಗೈಲ್ ಸೇರಿದರು. 2016ರ ಬಡ್ತಿಯ ಫೈನಲ್‌ನಲ್ಲಿ ಪ್ಲಿಮತ್ ಎಎಫ್‌ಸಿ ವಿಂಬಲ್ಡನ್‌ಗೆ 2–0ರಿಂದ ಸೋತಿತು. ಅದೇ ವರ್ಷ ಅವರು ಸ್ಕಾಟ್ಲೆಂಡಿನ ಮದರ್‌ವೆಲ್‌ಗೆ ಹೋದರು. 2017–18ರಲ್ಲಿ ಮದರ್‌ವೆಲ್ ಅಲ್ಲಿನ ಲೀಗ್ ಕಪ್ ಮತ್ತು ಸ್ಕಾಟಿಷ್ ಕಪ್ ಎರಡರಲ್ಲೂ ಫೈನಲ್ ತಲುಪಿ, ಎರಡರಲ್ಲೂ ಸೆಲ್ಟಿಕ್‌ಗೆ 2–0ರಿಂದ ಶರಣಾಯಿತು.

ಈ ಏಳು ವರ್ಷಗಳನ್ನು ಗೆಲುವು–ಸೋಲಿನ ಪಟ್ಟಿಯಾಗಿ ಮಾತ್ರ ನೋಡಿದರೆ ಸೋಲುಗಳೇ ಎದ್ದು ಕಾಣುತ್ತವೆ. ಆದರೆ ಮೂರು ಕ್ಲಬ್‌ಗಳಲ್ಲಿ, ಸಣ್ಣ ಬಜೆಟ್ಟಿನ ತಂಡಗಳೊಂದಿಗೆ, ಐದು ಫೈನಲ್‌ಗಳವರೆಗೆ ಬಂದ ಅನುಭವ ಇದು. ಸೆಂಟರ್ ಬ್ಯಾಕ್ ಆಗಿ ಆರಂಭಿಸಿದವರು ಮಿಡ್‌ಫೀಲ್ಡ್‌ನ ಹಿಂಬದಿಯಲ್ಲಿ ನಿಂತು ಆಡುವುದನ್ನೂ ಈ ಅವಧಿಯಲ್ಲೇ ರೂಢಿಸಿಕೊಂಡರು.

4. ಭಾರತ: 2019–2025

2019ರಲ್ಲಿ ಮಕ್‌ಹ್ಯೂ ಕೋಲ್ಕತ್ತದ ಎಟಿಕೆ ಕ್ಲಬ್ ಸೇರಿದರು. ಆ ಋತುವಿನ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಎಟಿಕೆ ಎದುರಾಳಿ ಬೆಂಗಳೂರು ಎಫ್‌ಸಿ. ಕಂಠೀರವದಲ್ಲಿ ಬೆಂಗಳೂರು 1–0ರಿಂದ ಗೆದ್ದಿತು; ಕೋಲ್ಕತ್ತದಲ್ಲಿ ಎಟಿಕೆ 3–1ರಿಂದ ತಿರುಗಿಸಿ ಕೊಟ್ಟಿತು. 2020ರ ಮಾರ್ಚ್ 14ರಂದು ಕೊರೊನಾ ಕಾರಣಕ್ಕೆ ಪ್ರೇಕ್ಷಕರಿಲ್ಲದ ಫತೋರ್ಡಾದಲ್ಲಿ ಚೆನ್ನೈಯಿನ್ ತಂಡವನ್ನು 3–1ರಿಂದ ಸೋಲಿಸಿ ಎಟಿಕೆ ಚಾಂಪಿಯನ್ ಆಯಿತು.

ಎಟಿಕೆ ಮತ್ತು ಮೋಹನ್ ಬಾಗಾನ್ ಒಂದಾದ ಮೇಲೆ ಮಕ್‌ಹ್ಯೂ ಅದೇ ತಂಡದಲ್ಲಿ ಉಳಿದರು. 2020–21 ಮತ್ತು 2021–22ರ ಐಎಸ್‌ಎಲ್ ಪಂದ್ಯಗಳೆಲ್ಲ ಸೋಂಕಿನ ಭಯದಿಂದ ಗೋವಾದಲ್ಲೇ ನಡೆದವು. 2021ರ ಫೈನಲ್‌ನಲ್ಲಿ ಅವರ ತಂಡ ಮುಂಬೈ ಸಿಟಿಗೆ 2–1ರಿಂದ ಸೋತಿತು. 2023ರ ಮಾರ್ಚ್ 18ರಂದು ಫತೋರ್ಡಾದಲ್ಲಿ ಮತ್ತೆ ಫೈನಲ್, ಮತ್ತೆ ಬೆಂಗಳೂರು ಎಫ್‌ಸಿ ಎದುರಾಳಿ. 2–2ರ ಸಮಬಲದ ನಂತರ ಎಟಿಕೆ ಮೋಹನ್ ಬಾಗಾನ್ ಶೂಟೌಟ್‌ನಲ್ಲಿ 4–3ರಿಂದ ಗೆದ್ದಿತು. ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 4ರಂದು, ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ, 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ನಂತರ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಎತ್ತಿತ್ತು. ರಾಜ್ಯಕ್ಕೆ ಒಂದೇ ತಿಂಗಳಲ್ಲಿ ಎರಡು ಕಿರೀಟ ಬರುವ ಅವಕಾಶವಿತ್ತು. ಅದನ್ನು ತಪ್ಪಿಸಿದ ತಂಡದ ನಡುಬೆನ್ನಿನಲ್ಲಿ ಈ ಡೊನೆಗಾಲ್ ಆಟಗಾರ ಇದ್ದರು.

2023ರಲ್ಲಿ ಮಕ್‌ಹ್ಯೂ ಎಫ್‌ಸಿ ಗೋವಾ ಸೇರಿದರು. ಮಾರ್ಚ್‌ನ ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರು ಪಾಳಯದಲ್ಲಿದ್ದ ಡಿಫೆಂಡರ್ ಸಂದೇಶ್ ಜಿಂಗನ್ ಕೂಡ ಅದೇ ವರ್ಷ ಗೋವಾಕ್ಕೆ ಬಂದರು. ಹಿಂದೆ ಕೋಲ್ಕತ್ತದಲ್ಲಿ ಜೊತೆಯಾಗಿದ್ದವರು ಮತ್ತೆ ಜೊತೆಯಾದರು. 2025ರ ಏಪ್ರಿಲ್‌ನ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಗೋವಾ–ಬೆಂಗಳೂರು ಎದುರಾದಾಗ ಲೆಕ್ಕ ತಿರುಗಿತು. ಕಂಠೀರವದಲ್ಲಿ ಬೆಂಗಳೂರು 2–0ರಿಂದ ಗೆದ್ದು, ಫತೋರ್ಡಾದಲ್ಲಿ 2–1ರಿಂದ ಸೋತರೂ, ಸುನಿಲ್ ಚೆಟ್ರಿ ಕೊನೆಯ ಗಳಿಗೆಯಲ್ಲಿ ತಲೆಯಿಂದ ಹೊಡೆದ ಗೋಲಿನ ಬಲದಿಂದ ಫೈನಲ್ ಸೇರಿತು. ಮೇ 3ರಂದು ಭುವನೇಶ್ವರದಲ್ಲಿ ಗೋವಾ ಜಮ್‌ಶೆಡ್‌ಪುರವನ್ನು 3–0ರಿಂದ ಸೋಲಿಸಿ ಸೂಪರ್ ಕಪ್ ಗೆದ್ದಿತು.

5. ಕರ್ನಾಟಕದ ಎಳೆ

ಬ್ರಿಟನ್–ಐರ್ಲೆಂಡ್ ದ್ವೀಪಗಳ ಲೀಗ್‌ಗಳಿಂದ ಭಾರತಕ್ಕೆ ಬಂದವರಲ್ಲಿ ಮಕ್‌ಹ್ಯೂ ಮೊದಲಿಗರಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ಮೊದಲ ಕೋಚ್ ಆದ ಆಶ್ಲೀ ವೆಸ್ಟ್‌ವುಡ್ ಸ್ವತಃ ಡಿಫೆಂಡರ್. 1998ರಿಂದ 2000ದವರೆಗೆ ಅದೇ ಬ್ರಾಡ್‌ಫರ್ಡ್ ಸಿಟಿಯಲ್ಲಿ ಆಡಿದವರು. ಅವರು ಕರೆತಂದ ಡಿಫೆಂಡರ್‌ಗಳಲ್ಲಿ ಜಾನ್ ಜಾನ್ಸನ್ ನಾರ್ಥಾಂಪ್ಟನ್ ಟೌನ್‌ನಿಂದ ಬಂದವರು. ಕೀನ್ಯಾದ ಕರ್ಟಿಸ್ ಒಸಾನೊ, ಮಕ್‌ಹ್ಯೂ ಅವರಂತೆ, ರೆಡಿಂಗ್‌ನಲ್ಲಿ ಬೆಳೆದವರು. ಇಬ್ಬರೂ ಹಿಂದೆ ನಿಂತ ತಂಡ ಮೊದಲ ಪ್ರಯತ್ನದಲ್ಲೇ, 2013–14ರಲ್ಲಿ, ಐ–ಲೀಗ್ ಗೆದ್ದಿತು. 2015–16ರಲ್ಲಿ ಮತ್ತೊಮ್ಮೆ ಗೆದ್ದಿತು. 2018ರಲ್ಲಿ ಜಾನ್ಸನ್ ಎಟಿಕೆಗೆ ಹೋದರು. ಮರುವರ್ಷ ಅದೇ ಎಟಿಕೆಗೆ ಮಕ್‌ಹ್ಯೂ ಬಂದರು.

ಇವೆಲ್ಲ ಬಿಡಿ ಬಿಡಿ ನೇಮಕಗಳಾದರೂ ಒಟ್ಟಿಗೆ ಇಟ್ಟಾಗ ಒಂದು ದಾರಿ ಕಾಣುತ್ತದೆ. ಕರ್ನಾಟಕದ ಹೊಸ ಕ್ಲಬ್ ಕಟ್ಟಿದ್ದು ಹಿಂದಿನ ಸಾಲಿನಿಂದ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 1–0ರಿಂದ ಬೆಂಗಳೂರು ಐಎಸ್‌ಎಲ್ ಗೆದ್ದಾಗಲೂ ಆ ಗೋಲು ಹೊಡೆದವರು ರಾಹುಲ್ ಭೇಕೆ ಎಂಬ ಡಿಫೆಂಡರ್.

6. ಬಾಳಿಕೆಗೆ ಕಾರಣ

ಐಎಸ್‌ಎಲ್‌ಗೆ ಮಕ್‌ಹ್ಯೂ ಅವರಿಗಿಂತ ಹೆಚ್ಚು ಹೆಸರಿದ್ದ ಐರಿಷ್ ಆಟಗಾರರು ಬಂದಿದ್ದರು. ಡಬ್ಲಿನ್‌ನ ಡಿಫೆಂಡರ್ ಡ್ಯಾರೆನ್ ಓಡೀ ಸೆಲ್ಟಿಕ್‌ನಲ್ಲಿ ಆಡಿದವರು, ಐರ್ಲೆಂಡ್ ಪರ 20 ಅಂತರರಾಷ್ಟ್ರೀಯ ಪಂದ್ಯ ಕಂಡವರು, 2012ರ ಯೂರೊ ತಂಡದಲ್ಲಿದ್ದವರು. 2015ರಲ್ಲಿ ಮುಂಬೈ ಸಿಟಿಗೆ ಒಂದು ಋತು ಆಡಿ ಸ್ಕಾಟ್ಲೆಂಡಿನ ಡಂಡೀಗೆ ಹೋದರು. ಐರ್ಲೆಂಡಿನ ದಾಖಲೆ ಗೋಲುದಾರ ರಾಬಿ ಕೀನ್ 2017–18ರಲ್ಲಿ ಎಟಿಕೆಗೆ ಒಂದೇ ಋತು ಆಡಿದರು. ಮಕ್‌ಹ್ಯೂ ಆರು ಋತು ಉಳಿದರು.

ಈ ವ್ಯತ್ಯಾಸದ ಮುಖ್ಯ ಕಾರಣ ಸ್ಥಾನದ ಹೊಂದಾಣಿಕೆ ಎಂದು ನಾನು ತೀರ್ಮಾನಿಸುತ್ತೇನೆ. 2021–22ರಿಂದ ಐಎಸ್‌ಎಲ್ ತಂಡವೊಂದು ಮೈದಾನದಲ್ಲಿ ಏಕಕಾಲಕ್ಕೆ ಇಳಿಸಬಹುದಾದ ವಿದೇಶಿಯರ ಸಂಖ್ಯೆ ನಾಲ್ಕಕ್ಕೆ ಇಳಿಯಿತು. ಆ ನಾಲ್ಕರಲ್ಲಿ ಕೆಲವನ್ನು ಕ್ಲಬ್‌ಗಳು ಗೋಲು ಹೊಡೆಯುವವರಿಗೆ ಮೀಸಲಿಡುತ್ತವೆ. ಉಳಿದ ಜಾಗಕ್ಕೆ ಒಬ್ಬನನ್ನು ಆರಿಸುವಾಗ, ಇಂದು ಸೆಂಟರ್ ಬ್ಯಾಕ್ ಆಗಿ, ನಾಳೆ ಡಿಫೆಂಡರ್‌ಗಳ ಮುಂದಿನ ಮಿಡ್‌ಫೀಲ್ಡರ್ ಆಗಿ ನಿಲ್ಲಬಲ್ಲವನಿಗೆ ಬೆಲೆ ಹೆಚ್ಚು. ಇಂಥವನ ಕೆಲಸ ಘಟಪ್ರಭಾ ಕಾಲುವೆಯ ನೀರಗಂಟಿಯ ಕೆಲಸದಂತೆ: ಸರಿಯಾಗಿ ನಡೆದಷ್ಟು ದಿನ ಯಾರ ಬಾಯಲ್ಲೂ ಹೆಸರಿಲ್ಲ, ಕಟ್ಟೆ ಒಡೆದ ದಿನ ಎಲ್ಲರ ಬಾಯಲ್ಲೂ. ಪತ್ರಿಕೆಗಳ ಪಂದ್ಯ ವರದಿಗಳು ಗೋಲು ಹೊಡೆದವರನ್ನೇ ಹಿಂಬಾಲಿಸುವುದರಿಂದ ಈ ಕೆಲಸ ದಾಖಲೆಗೆ ಇಳಿಯುವುದಿಲ್ಲ. ಆದರೆ ತಂಡ ಆಯ್ಕೆ ಮಾಡುವವರು ಅದನ್ನು ನೋಡುತ್ತಾರೆ. ಒಪ್ಪಂದ ನವೀಕರಣವಾಗುವುದು ಅದರಿಂದಲೇ.

ಈ ವೃತ್ತಿಗೆ ಅಪಾಯಗಳೂ ಇವೆ. 2025ರ ಜುಲೈನಲ್ಲಿ, ಲೀಗ್ ನಡೆಸುವ ಹಕ್ಕಿನ ಒಪ್ಪಂದ ಇತ್ಯರ್ಥವಾಗದೆ, ಐಎಸ್‌ಎಲ್‌ನ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ನೂರಾರು ಆಟಗಾರರ ಸಂಬಳ ಅತಂತ್ರವಾಯಿತು. ಮಕ್ಕಳನ್ನು ಈ ದಾರಿಗೆ ಕಳಿಸುವ ತಂದೆತಾಯಿಗಳು ಇದನ್ನು ತಿಳಿದೇ ಕಳಿಸಬೇಕು, ಓದನ್ನು ಬಿಡಿಸಬಾರದು.

7. ಫಲಿತಾರ್ಥ

ಗೋಲು ಹೊಡೆದು ಹೆಸರಾದ ಸುನಿಲ್ ಚೆಟ್ರಿಯಂಥ ಆಟಗಾರ ತಲೆಮಾರಿಗೊಬ್ಬ. ಮಕ್‌ಹ್ಯೂ ಬೇರೆ ಬಗೆಯ ಮಾದರಿ: ಹಳ್ಳಿಗಾಡಿನಿಂದ ಹೊರಟು, ನಾಲ್ಕನೇ ಸ್ತರದಲ್ಲಿ ಬೆವರಿಳಿಸಿ, ಎರಡು ಸ್ಥಾನ ಕಲಿತು, ಮೂರು ದೇಶಗಳಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಆಟದಿಂದಲೇ ಬದುಕು ನಡೆಸಿದ ದುಡಿಮೆಗಾರ. ಹುಕ್ಕೇರಿಯ, ಮೂಡಲಗಿಯ ಹುಡುಗ ಹುಡುಗಿಯರಿಗೆ ಎಟುಕುವ ಮಾದರಿ ಇದೇ ಎಂದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಈ ಮೂರು ತಾಲ್ಲೂಕುಗಳ ದೈಹಿಕ ಶಿಕ್ಷಕರಲ್ಲಿ ಒಂದು ವಿನಂತಿ. ಶಾಲಾ ಪಂದ್ಯಗಳ ದಾಖಲೆ ಪುಸ್ತಕದಲ್ಲಿ ಗೋಲು ಹೊಡೆದವರ ಹೆಸರಿನ ಕೆಳಗೆ, ಹಿಂದಿನ ಸಾಲಿನಲ್ಲಿ ಯಾರು, ಯಾವ ಸ್ಥಾನದಲ್ಲಿ, ಎಷ್ಟು ಹೊತ್ತು ಆಡಿದರು ಎಂಬುದನ್ನೂ ಬರೆಯಿರಿ. ವರ್ಷಕ್ಕೊಮ್ಮೆ ಮಕ್ಕಳನ್ನು ಕೊಲ್ಹಾಪುರದ ಶಾಹು ಕ್ರೀಡಾಂಗಣಕ್ಕೋ ಫತೋರ್ಡಾಕ್ಕೋ ಕರೆದೊಯ್ಯಿರಿ. ಅಲ್ಲಿ ಚೆಂಡಿನ ಹಿಂದೆ ಓಡುವವರನ್ನಷ್ಟೇ ಅಲ್ಲ, ಚೆಂಡು ಬರುವ ಮೊದಲೇ ಜಾಗ ಹಿಡಿದು ನಿಲ್ಲುವವರನ್ನು ನೋಡಲು ಕಲಿಸಿರಿ.