ರಬ್ಬರ್ ತಂತಿಯ ಮಂದ್ರನಾದ: ಆಶ್‌ಬರಿ ವಾದ್ಯದ ಇತಿಹಾಸ ಮತ್ತು ಶ್ರಾವಕನ ವಿವೇಕ

ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವುದು, ಧಾನ್ಯವನ್ನು ಶೋಧಿಸಿ ಅಡಿಗೆಗೆ ತೆಗೆದುಕೊಳ್ಳುವುದು ಶ್ರಾವಕರ ಮನೆಗಳಲ್ಲಿ ಪರಂಪರೆಯಿಂದ ಬಂದ ಆಚಾರಗಳು. ಬಾಯಿಗೆ ಹೋಗುವ ವಸ್ತುವಿನಲ್ಲಿ ತೋರುವ ಈ ಎಚ್ಚರವು ಕಿವಿಗೆ ಬೀಳುವ ನಾದದ ವಿಷಯದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮೃದಂಗದ ಚರ್ಮ, ಸಾರಂಗಿಯ ಕರುಳಿನ ತಂತಿ ಇವೆಲ್ಲ ಪಂಚೇಂದ್ರಿಯ ಜೀವಿಗಳ ಶರೀರದಿಂದ ಬಂದವು. ಇವುಗಳಿಲ್ಲದೆ ಆ ನಾದವೇ ಹೊರಡದೆಂಬ ನಂಬಿಕೆ ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಈ ನಂಬಿಕೆಯನ್ನು ಪರೀಕ್ಷಿಸಲು ಇಂಗ್ಲೆಂಡಿನಲ್ಲಿ ಹುಟ್ಟಿದ ಪುಟ್ಟ ವಾದ್ಯವೊಂದರ ಇತಿಹಾಸ ನೆರವಾಗುತ್ತದೆ.

ಕರುಳಿನ ತಂತಿಯ ಕಾಲ

ಯುರೋಪಿನ ಪಿಟೀಲು ವರ್ಗದ ವಾದ್ಯಗಳಿಗೆ ಶತಮಾನಗಳ ಕಾಲ ಮುಖ್ಯವಾಗಿ ಕುರಿಯ ಕರುಳಿನಿಂದಲೇ ತಂತಿಗಳನ್ನು ಹೊಸೆಯುತ್ತಿದ್ದರು. ಆ ವರ್ಗದಲ್ಲಿ ಅತ್ಯಂತ ದೊಡ್ಡದಾದ ಡಬಲ್ ಬೇಸ್ ಆಳೆತ್ತರವನ್ನೂ ಮೀರುತ್ತದೆ. ಅದರ ಮಂದ್ರ ತಂತಿಗೆ ಹಲವು ಕರುಳಿನ ಎಳೆಗಳನ್ನು ಕೂಡಿಸಿ ಹೊಸೆಯಬೇಕಾಗುತ್ತಿತ್ತು.

ವಾದ್ಯ ಇಷ್ಟು ದೊಡ್ಡದಾಗಲು ಕಾರಣವಿತ್ತು. ಫ್ರಾನ್ಸಿನ ಪಾದ್ರಿ ಹಾಗೂ ವಿದ್ವಾಂಸ ಮರಿನ್ ಮೆರ್ಸೆನ್ 1636ರಲ್ಲಿ ಪ್ರಕಟಿಸಿದ ಸಂಗೀತ ಗ್ರಂಥದಲ್ಲಿ ತಂತಿಯ ನಿಯಮಗಳನ್ನು ನಿರೂಪಿಸಿದನು. ತಂತಿ ಉದ್ದವಾದಷ್ಟೂ, ತೂಕವಾದಷ್ಟೂ, ಸಡಿಲವಾದಷ್ಟೂ ಶ್ರುತಿ ಇಳಿಯುತ್ತದೆ. ಉದ್ದವನ್ನು ಅರ್ಧಕ್ಕಿಳಿಸಿಯೂ ಅದೇ ಶ್ರುತಿ ಬೇಕಾದರೆ ಬಿಗಿತವನ್ನು ನಾಲ್ಕನೆಯ ಒಂದು ಪಾಲಿಗೆ ಇಳಿಸಬೇಕು, ಇಲ್ಲವೇ ಒಂದೊಂದು ಅಂಗುಲದ ತೂಕವನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಬಿಗಿತವನ್ನು ಬಹಳ ಇಳಿಸಿದರೆ ಲೋಹದ ತಂತಿ ಜೋಲುತ್ತದೆ. ತೂಕಕ್ಕಾಗಿ ದಪ್ಪ ಮಾಡಿದರೆ ಸರಳಿನಂತೆ ಪೆಡಸಾಗಿ ನಾದ ಕೆಡುತ್ತದೆ.

17ನೆಯ ಶತಮಾನದ ಉತ್ತರಾರ್ಧದಲ್ಲಿ ಕರುಳಿನ ಮೇಲೆ ಲೋಹದ ಎಳೆ ಸುತ್ತುವ ಕ್ರಮ ಬಂದಿತು. 1940ರ ದಶಕದಲ್ಲಿ ಆಲ್ಬರ್ಟ್ ಆಗಸ್ಟೀನ್ ಎಂಬ ಕುಶಲಕರ್ಮಿ ಗಿಟಾರಿಗೆ ನೈಲಾನ್ ತಂತಿಗಳನ್ನು ರೂಪಿಸಿದನು. ಹೆಸರಾಂತ ವಾದಕ ಆಂಡ್ರೆಸ್ ಸೆಗೋವಿಯಾ ಅವನ್ನು ಬಳಸಿ ಪ್ರೋತ್ಸಾಹಿಸಿದನು. 1951ರಲ್ಲಿ ಅಮೆರಿಕದ ಲಿಯೊ ಫೆಂಡರ್ ಲೋಹದ ತಂತಿಯ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದನು. ಅದರ ತಂತಿಯ ನಾದದ ಉದ್ದ 34 ಅಂಗುಲ. ಹೀಗೆ ಮಂದ್ರನಾದಕ್ಕೆ ಕರುಳು ಅನಿವಾರ್ಯವಲ್ಲವೆಂದು ತೋರಿತು. ಆದರೂ ಡಬಲ್ ಬೇಸಿನ ಕರುಳಿನ ತಂತಿಯನ್ನು ಬೆರಳಿನಿಂದ ಮೀಟಿದಾಗ ಬರುವ ಮೃದುವಾದ, ದುಂಡಾದ ಧ್ವನಿ ಉಕ್ಕಿನಲ್ಲಿ ಬರದೆಂದು ರಸಿಕರು ಕರುಳಿನ ಪಕ್ಷ ವಹಿಸುವುದು ನಿಲ್ಲಲಿಲ್ಲ.

ಆಶ್‌ಬರಿಯ ಜನನ

ಇಂಗ್ಲೆಂಡಿನ ಅಲನ್ ಆಶ್‌ವರ್ತ್-ಜೋನ್ಸ್ ಮತ್ತು ನೈಜೆಲ್ ಥಾರ್ನ್‌ಬರಿ ಎಂಬ ಇಬ್ಬರು ಈ ಸಮಸ್ಯೆಗೆ ಬೇರೊಂದು ದಾರಿ ಹುಡುಕಿದರು. ಇಬ್ಬರ ಹೆಸರುಗಳ ತುಣುಕುಗಳು ಕೂಡಿ ‘ಆಶ್‌ಬರಿ’ ಎಂಬ ಹೆಸರಾಯಿತು. ಅಮೆರಿಕದ ಗಿಲ್ಡ್ ಸಂಸ್ಥೆ 1986ರಲ್ಲಿ ಇದರ ತಯಾರಿಕೆ ಆರಂಭಿಸಿತು. ತಂತಿಯ ನಾದದ ಉದ್ದ ಕೇವಲ 18 ಅಂಗುಲ. ಆದರೂ ಶ್ರುತಿ ದೊಡ್ಡ ಬೇಸಿನದೇ. ಅತಿ ಮಂದ್ರ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ.

ಗುಟ್ಟು ಇರುವುದು ತಂತಿಯಲ್ಲಿ. ಅದು ಕರುಳಲ್ಲ, ಉಕ್ಕಲ್ಲ, ಮರದ ಹಾಲಿನಿಂದ ಬರುವ ರಬ್ಬರೂ ಅಲ್ಲ, ಸಿಲಿಕೋನ್ ರಬ್ಬರ್. ದಪ್ಪವಾಗಿದ್ದರೂ ಬಳುಕುವುದರಿಂದ ಬಹಳ ಕಡಿಮೆ ಬಿಗಿತದಲ್ಲಿಯೂ ಅದು ಶುದ್ಧವಾಗಿ ಕಂಪಿಸುತ್ತದೆ. ರಬ್ಬರಿನ ಕಂಪನವನ್ನು ಸಾಮಾನ್ಯ ವಿದ್ಯುತ್ ಗಿಟಾರಿನ ಅಯಸ್ಕಾಂತ ಗ್ರಹಿಸಲಾರದು. ಆದುದರಿಂದ ಒತ್ತಡವನ್ನು ವಿದ್ಯುತ್ತಾಗಿ ಪರಿವರ್ತಿಸುವ ಪೀಜೋ ಸಾಧನವನ್ನು ಕುದುರೆಯ ಕೆಳಗೆ ಅಳವಡಿಸಿದರು. ಧ್ವನಿವರ್ಧಕಕ್ಕೆ ಜೋಡಿಸಿ ಮೀಟಿದರೆ ಡಬಲ್ ಬೇಸನ್ನು ಹೋಲುವ ಗಂಭೀರ ನಾದ ಹೊರಡುತ್ತದೆ. ಕರುಳಿನ ಪಕ್ಷಪಾತಿಗಳು ಅಪೂರ್ವವೆಂದ ಮೃದುತ್ವ ಕರುಳಿಲ್ಲದೆಯೇ ಬಹುಮಟ್ಟಿಗೆ ಒದಗಿತು.

ಗಿಲ್ಡ್‌ನ ತಯಾರಿಕೆ ಬಹುಕಾಲ ನಡೆಯಲಿಲ್ಲ. 1995ರಲ್ಲಿ ಫೆಂಡರ್ ಸಂಸ್ಥೆ ಗಿಲ್ಡ್ ಅನ್ನು ಕೊಂಡಿತು; ಆ ಬಳಿಕ ಆಶ್‌ಬರಿ ಮೊದಲು ಡಿ ಆರ್ಮಂಡ್ ಹೆಸರಿನಲ್ಲಿಯೂ ಅನಂತರ ಫೆಂಡರ್ ಹೆಸರಿನಲ್ಲಿಯೂ ಮತ್ತೆ ಬಂದಿತು. 21ನೆಯ ಶತಮಾನದಲ್ಲಿ ಕಾಲಾ ಸಂಸ್ಥೆಯ ಯು-ಬೇಸ್ ಇದೇ ತತ್ತ್ವವನ್ನು ಪಾಲಿಯುರಿಥೇನ್ ತಂತಿಗಳೊಡನೆ ಮುಂದುವರಿಸಿ ಜನಪ್ರಿಯವಾಯಿತು.

ಒಡೆತನ ಮತ್ತು ಯತ್ನಾಚಾರ

ಈ ವಾದ್ಯವನ್ನು ಇಟ್ಟುಕೊಂಡವರಿಗೆ ಎಚ್ಚರ ಅಗತ್ಯ. ವೀಣೆಗಿರುವಂತೆ ಇದಕ್ಕೆ ಮೆಟ್ಟಿಲುಗಳಿಲ್ಲ. ಪಿಟೀಲಿನಂತೆ ಬೆರಳೇ ಸ್ವರಸ್ಥಾನವನ್ನು ಕಂಡುಕೊಳ್ಳಬೇಕು. 34 ಅಂಗುಲದ ಬೇಸಿನಲ್ಲಿ ಮೊದಲ ಅರ್ಧಸ್ವರಕ್ಕೆ ಸುಮಾರು 1.9 ಅಂಗುಲ ಅಂತರವಿದ್ದರೆ ಇಲ್ಲಿ ಇರುವುದು ಒಂದು ಅಂಗುಲ ಮಾತ್ರ. ಬೆರಳು ಅಷ್ಟೇ ಸರಿದರೂ ಶ್ರುತಿದೋಷ ಇಲ್ಲಿ ಇಮ್ಮಡಿಯಾಗುತ್ತದೆ. ಸಿಲಿಕೋನ್ ಬೆರಳಿಗೆ ಅಂಟಿಕೊಳ್ಳುವುದರಿಂದ ವಾದಕರು ಟಾಲ್ಕಂ ಪುಡಿ ಹಚ್ಚಿಕೊಳ್ಳುತ್ತಾರೆ. ಹೊಸ ತಂತಿ ಹಿಗ್ಗುತ್ತಲೇ ಇದ್ದು ಶ್ರುತಿ ನಿಲ್ಲಲು ದಿನಗಳು ಬೇಕು. ಒರಟಾಗಿ ಎಳೆದರೆ ತಂತಿ ಹರಿಯುತ್ತದೆ. ಬಲಕ್ಕಿಂತ ಸೌಮ್ಯತೆಯನ್ನೇ ಈ ವಾದ್ಯ ಬೇಡುತ್ತದೆ.

ಧರ್ಮದೃಷ್ಟಿಯಲ್ಲಿ

ಇಷ್ಟರಿಂದ ಆಶ್‌ಬರಿಯನ್ನು ಅಹಿಂಸೆಯ ವಾದ್ಯವೆಂದು ಹೊಗಳಿಬಿಡುವುದು ಆತುರವಾದೀತು. ಸಣ್ಣ ವಾದ್ಯದಲ್ಲಿ ದೊಡ್ಡ ನಾದ ಬೇಕೆಂಬುದು ಅದನ್ನು ರೂಪಿಸಿದವರು ಬಿಡಿಸಿದ ಸಮಸ್ಯೆ; ಜೀವದಯೆ ಅದರ ಪ್ರೇರಣೆಯೆಂದು ಹೇಳಲು ಆಧಾರವಿಲ್ಲ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಗಳನ್ನು ಅಗಲಿಸುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಹೇಳುವಾಗ ಒತ್ತು ಬೀಳುವುದು ಒಳಗಿನ ಭಾವದ ಮೇಲೆ. ಆಕಸ್ಮಿಕವಾಗಿ ಹಿಂಸೆ ತಪ್ಪಿದ ವಸ್ತು ತಾನಾಗಿಯೇ ವ್ರತವಾಗದು. ವಿಚಾರಿಸಿ, ತಿಳಿದು ಅದನ್ನು ಆರಿಸಿಕೊಂಡವನಲ್ಲಿ ಮಾತ್ರ ಅಹಿಂಸಾಭಾವ ಉದಯಿಸುತ್ತದೆ.

ಸಿಲಿಕೋನ್ ಕೂಡ ಸಂಪೂರ್ಣ ನಿರ್ದೋಷವಲ್ಲ. ಅದರ ಮೂಲವಾದ ಸಿಲಿಕಾನನ್ನು ಬೆಣಚುಕಲ್ಲಿನಿಂದ ವಿದ್ಯುತ್ ಕುಲುಮೆಯ ತೀವ್ರ ಶಾಖದಲ್ಲಿ ಪಡೆಯಬೇಕು. ಪೃಥ್ವೀಕಾಯ, ತೇಜಸ್ಕಾಯ ಜೀವಗಳಿಗೆ ಅಲ್ಲಿ ಬಾಧೆಯಿದೆ. ಆದರೆ ಗೃಹಸ್ಥನ ಅಣುವ್ರತವು ತ್ರಸಜೀವಿಗಳ ಸಂಕಲ್ಪಹಿಂಸೆಯನ್ನು ತೊರೆಯಿಸಿ, ಸ್ಥಾವರಹಿಂಸೆಯನ್ನು ಅಗತ್ಯದ ಮಿತಿಗೆ ಇಳಿಸಲು ಹೇಳುತ್ತದೆ. ಕುರಿಯ ಕರುಳಿಗೂ ಕಲ್ಲಿನ ಸಾರಕ್ಕೂ ಇರುವ ಅಂತರ ಈ ಕ್ರಮದಲ್ಲಿ ಸ್ಪಷ್ಟವಾಗುತ್ತದೆ.

ಮಾಂಸಕ್ಕಾಗಿ ಹೇಗೂ ಕೊಂದ ಪ್ರಾಣಿಯ ಕರುಳನ್ನು ಬಳಸಿದರೆ ದೋಷವೇನೆಂದು ಕೆಲವರು ಕೇಳುವುದುಂಟು. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದಲೂ ಕರ್ಮ ಒಳಬರುತ್ತದೆಂಬುದೇ ಇದಕ್ಕೆ ಉತ್ತರ. ಕೊಳ್ಳುವ ಕೈ ಕೊಲ್ಲುವ ಕೈಯಲ್ಲದಿರಬಹುದು; ಆದರೆ ಅದು ನೀಡಿದ ಬೆಲೆ ಆ ವೃತ್ತಿಗೆ ಸಲ್ಲುತ್ತದೆ.

ಪರಿಗ್ರಹದ ವಿಷಯದಲ್ಲಿಯೂ ವಿವೇಕ ಬೇಕು. ವಾದ್ಯ ಕಿರಿದಾದರೆ ಮರ ಉಳಿದೀತು, ಸ್ಥಳ ಉಳಿದೀತು. ಆದರೆ ಪರಿಗ್ರಹದ ಅಳತೆ ಅಂಗುಲಗಳಲ್ಲಿಲ್ಲ. ಮೂರ್ಛೆಯೇ ಪರಿಗ್ರಹವೆಂದು ಆಚಾರ್ಯರು ತಿಳಿಸಿದ್ದಾರೆ. ಅಪೂರ್ವ ವಸ್ತುವೆಂಬ ಮೋಹದಿಂದ ಒಂದರ ಮೇಲೊಂದು ಕೂಡಿಡುವವನಿಗೆ 18 ಅಂಗುಲದ ವಾದ್ಯವೂ ದೊಡ್ಡ ಹೊರೆಯೇ. ನುಡಿಸುವವನ ಬಳಿಯಿರುವ ಒಂದು ವಾದ್ಯ ಸಾಧನ. ನುಡಿಸದೆ ಗೂಡಿನಲ್ಲಿಟ್ಟ ಹತ್ತು ವಾದ್ಯಗಳು ಸಂಗ್ರಹ.

ಬಸದಿಯ ಭಜನಾಮಂಡಳಿಗಾಗಲಿ ಪಾಠಶಾಲೆಗಾಗಲಿ ವಾದ್ಯ ಕೊಳ್ಳುವ ಟ್ರಸ್ಟಿನವರು ಆಶ್‌ಬರಿಯನ್ನೇ ತರಬೇಕಾಗಿಲ್ಲ. ತಂತಿ ಯಾವುದರದು, ಹೊದಿಕೆ ಯಾವುದರದು, ಅಂಟು ಯಾವುದರಿಂದ ಬಂದುದು ಎಂಬ ಮೂರು ಪ್ರಶ್ನೆಗಳನ್ನು ಮಾರುವವರಲ್ಲಿ ಕೇಳಿದರೆ ಸಾಕು. ಬೇರೆ ದಾರಿಯಿಲ್ಲವೆಂಬ ಉತ್ತರ ಬಂದಲ್ಲಿ ಅದನ್ನು ಕೊನೆಯ ಮಾತೆಂದು ಒಪ್ಪಬೇಕಾಗಿಲ್ಲ. ಕರುಳಿಲ್ಲದೆ ಮಂದ್ರದ ಮಾಧುರ್ಯವಿಲ್ಲವೆಂದ ನಾಡುಗಳಲ್ಲಿಯೇ ಕಲ್ಲಿನ ಸಾರದ ತಂತಿ ಆ ನಾದವನ್ನು ನುಡಿಯಿತು. ಹುಡುಕುವವರಿಗೆ ದಾರಿ ದೊರೆಯಿತು. ದೊರೆತ ದಾರಿಯನ್ನು ತಿಳಿದು ನಡೆಯುವುದು ಶ್ರಾವಕನ ಕರ್ತವ್ಯ.