ಹಬ್ಬಕ್ಕೆ ಊರಿಗೆ ಹೋಗುವವರು ಯಾರು?

ವರ್ಷದ ಕೊನೆ ಹತ್ತಿರವಾದಂತೆ ಪತ್ರಿಕಾ ಕಚೇರಿಗೆ ಬರುವ ದೂರವಾಣಿ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: 'ಮುಂದಿನ ವರ್ಷದ ರಜಾ ಪಟ್ಟಿ ಬಂತಾ ಸಾರ್?' ಪಟ್ಟಿ ಅಚ್ಚಾದ ದಿನ ಅದನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿಕೊಳ್ಳುವ ಮನೆಗಳು ಈಗಲೂ ಉಂಟು. ಜನ ಮೊದಲು ನೋಡುವುದು ಹಬ್ಬದ ಹೆಸರನ್ನಲ್ಲ, ವಾರವನ್ನು. ಯಾವ ಹಬ್ಬ ಭಾನುವಾರಕ್ಕೆ ಬಿದ್ದು 'ಹಾಳಾಯಿತು', ಯಾವುದು ಸೋಮವಾರಕ್ಕೆ ಬಂದು 'ಕೂಡಿಕೊಂಡಿತು' ಎಂಬ ಲೆಕ್ಕ ಮುಗಿದ ಮೇಲೆಯೇ ಉಳಿದ ಮಾತು.

2025ರ ದೀಪಾವಳಿಯನ್ನೇ ನೋಡಿ. ಅಕ್ಟೋಬರ್ 20ರ ಸೋಮವಾರ ನರಕ ಚತುರ್ದಶಿಗೆ ರಜೆ, 22ರ ಬುಧವಾರ ಬಲಿಪಾಡ್ಯಮಿಗೆ ರಜೆ. ನಡುವಿನ ಮಂಗಳವಾರ ಮಾತ್ರ ಕೆಲಸದ ದಿನ. ಆ ಒಂದು ದಿನ ಸಾಂದರ್ಭಿಕ ರಜೆ ಹಾಕಿದವರಿಗೆ ಭಾನುವಾರದಿಂದ ಬುಧವಾರದವರೆಗೆ ನಾಲ್ಕು ದಿನ ಊರು. ಹಾಕಲಾಗದವರಿಗೆ ಹಬ್ಬದ ನಡುವೆ ಬೆಂಗಳೂರು. ಅದೇ ತಿಂಗಳ 2ರಂದು ಗಾಂಧಿ ಜಯಂತಿ ಮತ್ತು ವಿಜಯದಶಮಿ ಒಂದೇ ದಿನ ಬಂದು ಎರಡು ರಜೆ ಒಂದರಲ್ಲಿ ಕರಗಿದ್ದರಿಂದ, ಆ ಮಂಗಳವಾರದ ಬೆಲೆ ಇನ್ನಷ್ಟು ಏರಿತ್ತು.

ಒಂದು ಕಚೇರಿಯಲ್ಲಿ ಹತ್ತು ಜನರಿದ್ದರೆ ಹತ್ತೂ ಜನ ಅದೇ ಮಂಗಳವಾರವನ್ನು ಕೇಳುತ್ತಾರೆ. ಎಲ್ಲರಿಗೂ ಕೊಟ್ಟರೆ ಕಚೇರಿಗೆ ಬೀಗ ಹಾಕಬೇಕು. ಹಾಗಾದರೆ ಹೋಗುವವರು ಯಾರು, ಉಳಿಯುವವರು ಯಾರು? ಇದು ಮೇಲಧಿಕಾರಿಯ ಮರ್ಜಿಗೆ ಬಿಟ್ಟ ಸಣ್ಣ ವಿಷಯವೆಂದು ನಾವು ತಿಳಿದಿದ್ದೇವೆ. ಆದರೆ ಇದರ ಹಿಂದೆ ನೂರು ವರ್ಷಕ್ಕೂ ಮೀರಿದ ಒಂದು ಇತಿಹಾಸವಿದೆ.

ನೊಗ ಇಳಿಸುವ ದಿನ

ಗೆಜೆಟ್ ಬರುವ ಮುಂಚೆ ನಮ್ಮ ಹಳ್ಳಿಗಳಲ್ಲಿ ರಜೆ ಇರಲಿಲ್ಲವೆಂದಲ್ಲ. ಅದು ಮೊದಲು ಸಿಗುತ್ತಿದ್ದುದು ಎತ್ತಿಗೆ. ಸೋಮವಾರ ಬಸವಣ್ಣನ ಹೆಗಲ ಮೇಲೆ ನೊಗ ಇಡಬಾರದೆಂಬ ಕಟ್ಟಳೆ ಕರ್ನಾಟಕದ ಎಷ್ಟೋ ಊರುಗಳಲ್ಲಿ ಈಗಲೂ ಕೇಳಿಬರುತ್ತದೆ. ಎತ್ತು ನಿಂತರೆ ಆಳೂ ನಿಲ್ಲುತ್ತಿದ್ದ. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆಗಳು ಉತ್ತರ ಕರ್ನಾಟಕದ ಒಕ್ಕಲು ಮನೆಗಳ ದೊಡ್ಡ ಹಬ್ಬಗಳು. ಇವೆಲ್ಲ ಬೆಳೆಯ ಜೊತೆ ನಡೆಯುವ ಲೆಕ್ಕ. ಬಿತ್ತನೆಯ ಮುಂಚೆ, ಕೊಯ್ಲಿನ ನಂತರ, ಮಳೆಯ ನಡುವೆ ಬಿಡುವಾದಾಗ ಹಬ್ಬ ಬರುತ್ತಿತ್ತು. ರಜೆಯನ್ನು ಕೇಳಿ ಪಡೆಯುವ ಪ್ರಸಂಗ ಅಲ್ಲಿರಲಿಲ್ಲ.

ಕೈಗಾರಿಕೆ ಬಂದಾಗ ಈ ನಂಟು ಕಡಿದುಹೋಯಿತು. ಗಿರಣಿಯ ಉಗಿಯಂತ್ರಕ್ಕೆ ಸೋಮವಾರವೂ ಇಲ್ಲ, ಅಮಾವಾಸ್ಯೆಯೂ ಇಲ್ಲ. ದುಡಿಮೆಯ ಬಿಡುವು ಎಂಬುದು ಅಂದಿನಿಂದ ಹೋರಾಡಿ ಪಡೆಯುವ ವಸ್ತುವಾಯಿತು.

ಹುಂಡಿಗೆ ಮೊದಲು ಸಿಕ್ಕ ಭಾನುವಾರ

ಈ ದೇಶದಲ್ಲಿ ಸಾರ್ವಜನಿಕ ರಜೆಗೆ ಕಾನೂನಿನ ಅರ್ಥ ದೊರೆತದ್ದು ಒಂದು ಅನಿರೀಕ್ಷಿತ ಜಾಗದಲ್ಲಿ: 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ. ಇದು ಚೆಕ್ಕು, ಪ್ರಾಮಿಸರಿ ನೋಟುಗಳಿಗೆ ಸಂಬಂಧಿಸಿದ ಕಾಯ್ದೆ. ಪತ್ರದ ವಾಯಿದೆ ರಜಾದಿನಕ್ಕೆ ಮುಗಿದರೆ ಹಣ ಸಲ್ಲಬೇಕಾದದ್ದು ಯಾವತ್ತು ಎಂಬ ಪ್ರಶ್ನೆಗೆ, ಅದರ ಹಿಂದಿನ ವ್ಯವಹಾರದ ದಿನ ಎಂದು 25ನೆಯ ಕಲಂ ಉತ್ತರ ಹೇಳುತ್ತದೆ. ಹಾಗೆ ಹೇಳುವಾಗ 'ಸಾರ್ವಜನಿಕ ರಜೆ' ಎಂದರೇನೆಂದು ವಿವರಿಸಬೇಕಾಯಿತು. ಭಾನುವಾರ, ಹೊಸ ವರ್ಷದ ದಿನ, ಕ್ರಿಸ್‌ಮಸ್, ಗುಡ್ ಫ್ರೈಡೇಗಳನ್ನು ಅಲ್ಲಿ ಹೆಸರಿಸಲಾಗಿತ್ತು. ಉಳಿದ ದಿನಗಳನ್ನು ಸರ್ಕಾರ ಪ್ರಕಟಣೆಯ ಮೂಲಕ ಸೇರಿಸಬಹುದಿತ್ತು. ಯುಗಾದಿ, ರಂಜಾನ್, ದಸರಾಗಳೆಲ್ಲ ಈ 'ಉಳಿದ ದಿನ'ಗಳೊಳಗೆ ಬರಬೇಕಾಗಿತ್ತು. ಭಾನುವಾರವನ್ನು ಬಿಟ್ಟು ಮಿಕ್ಕ ಹೆಸರುಗಳನ್ನು ಆ ವಿವರಣೆಯಿಂದ ತೆಗೆದದ್ದು ಸ್ವಾತಂತ್ರ್ಯ ಬಂದ ಎಂಟು ವರ್ಷದ ಮೇಲೆ, 1955ರಲ್ಲಿ. 1957ರ ಜೂನ್ 8ರ ಪ್ರಕಟಣೆಯ ಮೂಲಕ ಕೇಂದ್ರ ಗೃಹ ಸಚಿವಾಲಯ ರಜೆ ಘೋಷಿಸುವ ಈ ಅಧಿಕಾರವನ್ನು ರಾಜ್ಯಗಳಿಗೆ ವಹಿಸಿತು. ಬ್ಯಾಂಕುಗಳ ಹಬ್ಬದ ರಜೆಗೆ ಈಗಲೂ ಇದೇ ಕಲಂ ಆಧಾರ.

ಅದೇ 1881ರಲ್ಲಿ ದೇಶದ ಮೊದಲ ಕಾರ್ಖಾನೆ ಕಾಯ್ದೆಯೂ ಬಂತು. ಅದು ಮಕ್ಕಳಿಗೆ ತಿಂಗಳಿಗೆ ನಾಲ್ಕು ರಜೆ ಕೊಟ್ಟಿತು. ವಯಸ್ಕ ಕಾರ್ಮಿಕನಿಗೆ ಒಂದೂ ಇಲ್ಲ. ಹುಂಡಿಗೆ ಭಾನುವಾರ ಸಿಕ್ಕ ವರ್ಷ ದುಡಿಯುವವನಿಗೆ ಸಿಗಲಿಲ್ಲ!

ಅದನ್ನು ಗೆದ್ದುಕೊಟ್ಟದ್ದು ಮುಂಬೈ ಗಿರಣಿ ಕಾರ್ಮಿಕರ ಚಳವಳಿ. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ ಅದರ ಮುಂದಾಳು. 1884ರಿಂದ ಸಭೆ, ಮನವಿಗಳು ನಡೆದು, 1890ರ ಜೂನ್ 10ರಂದು ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಮರುವರ್ಷ ಕಾರ್ಖಾನೆ ಕಾಯ್ದೆಯಲ್ಲೂ ಅದು ಸೇರಿತು. ಭಾನುವಾರವೆಂದರೆ ಕ್ರೈಸ್ತರ ವಾರವೆಂದು ನಾವು ಸುಮ್ಮನೆ ಭಾವಿಸುತ್ತೇವೆ. ಮರಾಠಿ ಕಾರ್ಮಿಕರ ಮನೆದೈವವಾದ ಖಂಡೋಬನ ವಾರವೂ ಅದೇ. ಆ ಖಂಡೋಬನೇ ನಮ್ಮ ಮೈಲಾರಲಿಂಗ.

ಐದು ಆಡಳಿತ, ಒಂದು ಪಟ್ಟಿ

1956ರ ನವೆಂಬರ್ 1ರಂದು ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗು ಎಂಬ ಐದು ಆಡಳಿತಗಳ ಕನ್ನಡ ಪ್ರದೇಶಗಳು ಒಂದಾದವು. ಭೂಪಟ ಒಂದಾಯಿತು, ಪಂಚಾಂಗ ಒಂದಾಗಲಿಲ್ಲ. ಹಳೆಯ ಮೈಸೂರಿನವರಿಗೆ ಚಾಂದ್ರಮಾನ ಯುಗಾದಿ ಹೊಸ ವರ್ಷವಾದರೆ, ತುಳುನಾಡಿಗೆ ಏಪ್ರಿಲ್ ನಡುವಿನ ಬಿಸು ಹೊಸ ವರ್ಷ. ಮೈಸೂರಿನ ಕಡೆಯವರು ದಸರೆಗೆ ಮನೆ ಸೇರಲು ಹಂಬಲಿಸಿದರೆ, ಬೀದರ್, ಕಲಬುರಗಿ ಕಡೆಯವರ ಮನಸ್ಸು ಎಳ್ಳು ಅಮಾವಾಸ್ಯೆಗೆ ಹೊಲದ ದಾರಿ ಹಿಡಿಯುತ್ತದೆ. ಅಂದು ಮನೆಮಂದಿಯೆಲ್ಲ ಭಜ್ಜಿ, ಕಡುಬು, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಪೇಟೆಯ ಬೀದಿಗಳು ಬಿಕೋ ಎನ್ನುತ್ತವೆ. ಆದರೆ ರಾಜ್ಯದ ಸಾರ್ವತ್ರಿಕ ರಜಾ ಪಟ್ಟಿಯಲ್ಲಿ ಎಳ್ಳು ಅಮಾವಾಸ್ಯೆ ಇಲ್ಲ. ಮಹಾಲಯ ಅಮಾವಾಸ್ಯೆ ಇದೆ.

ಕೊಡಗಿನ ವಿಷಯದಲ್ಲಿ ಮಾತ್ರ ಪಟ್ಟಿ ಸ್ವಲ್ಪ ಬಾಗಿದೆ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಈ ಮೂರಕ್ಕೂ ಕೊಡಗು ಜಿಲ್ಲೆಗೆ ಸೀಮಿತವಾಗಿ ಸ್ಥಳೀಯ ರಜೆ ಉಂಟು. ಈ ಸೌಲಭ್ಯ ಜಿಲ್ಲೆಗೇ ಹೊರತು ಜನಕ್ಕಲ್ಲ. ಮಡಿಕೇರಿಯ ಕಚೇರಿಯಲ್ಲಿರುವ ಬಯಲುಸೀಮೆಯವನಿಗೆ ಹುತ್ತರಿ ರಜೆ, ಬೆಂಗಳೂರಿನ ಕಚೇರಿಯಲ್ಲಿರುವ ಕೊಡಗಿನವನಿಗೆ ರಜಾ ಚೀಟಿ! ಮೇಲಾಗಿ ಹುತ್ತರಿಯ ಮುಹೂರ್ತವನ್ನು ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ನಿಶ್ಚಯಿಸುವ ಸಂಪ್ರದಾಯವಿದೆ. ರೈಲಿನ ಟಿಕೆಟ್ಟು ಅದಕ್ಕಾಗಿ ಕಾಯುವುದಿಲ್ಲ. ಚಂದ್ರದರ್ಶನವನ್ನು ಅವಲಂಬಿಸಿದ ಮುಸ್ಲಿಮರ ಹಬ್ಬಗಳದ್ದೂ ಇದೇ ಪಾಡು. ಹಬ್ಬ ಪಟ್ಟಿಯ ದಿನಕ್ಕೆ ಬಾರದಿದ್ದರೆ ಮುಸ್ಲಿಂ ನೌಕರರಿಗೆ ಬದಲಿಯಾಗಿ ರಜೆ ಮಂಜೂರು ಮಾಡಬಹುದೆಂಬ ಸೂಚನೆ ಸರ್ಕಾರದ ಅಧಿಸೂಚನೆಯಲ್ಲಿಯೇ ಇರುತ್ತದೆ.

ಪಟ್ಟಿಯಲ್ಲಿರುವ ಬಸವ, ಅಂಬೇಡ್ಕರ್, ವಾಲ್ಮೀಕಿ, ಕನಕ ಜಯಂತಿಗಳ ಬಗ್ಗೆ ಆಗಾಗ ಟೀಕೆ ಕೇಳಿಬರುತ್ತದೆ, ರಜೆ ಹೆಚ್ಚಾಯಿತು ಎಂದು. ಆಡಳಿತದ ದೃಷ್ಟಿಯಿಂದ ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಯಾರ ದಿನಕ್ಕೆ ನಾಡೆಲ್ಲ ಬಿಡುವು ಮಾಡಿಕೊಳ್ಳುತ್ತದೆ ಎಂಬುದು ಯಾರನ್ನು ನಾಡು ತನ್ನವರೆಂದು ಎಣಿಸುತ್ತದೆ ಎಂಬುದರ ಗುರುತೂ ಹೌದು. ಹಾಗೆಂದೇ ಒಂದು ರಜೆ ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. 2019ರಲ್ಲಿ ರಾಜ್ಯ ಸರ್ಕಾರ ನಾಲ್ಕನೆಯ ಶನಿವಾರವನ್ನು ರಜೆ ಮಾಡಿದಾಗ ಅದಕ್ಕೆ ಬದಲಾಗಿ ನೌಕರರ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಎಲ್ಲರಿಗೂ ಒಂದೇ ದಿನ ಸಿಗುವ ಬಿಡುವು ಹೆಚ್ಚಿತು, ನೌಕರ ತನಗೆ ಬೇಕಾದ ದಿನ ಆರಿಸಿಕೊಳ್ಳುವ ಬಿಡುವು ಕುಗ್ಗಿತು. ತನ್ನ ಹಬ್ಬ ಪಟ್ಟಿಯಲ್ಲಿ ಇಲ್ಲದವನಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಅಂಥವರಿಗೆಂದೇ ಇರುವುದು ಪರಿಮಿತ ರಜೆ. ಉದ್ದನೆಯ ಪಟ್ಟಿಯಿಂದ ಸರ್ಕಾರಿ ನೌಕರರು ವರ್ಷಕ್ಕೆ ಎರಡು ದಿನ ಆರಿಸಿಕೊಳ್ಳಬಹುದು. ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಗಣೇಶ ಚತುರ್ಥಿ ಸಾರ್ವತ್ರಿಕ ರಜೆ. ಹೆಂಗಸರು ಮುಂದೆ ನಿಂತು ಮಾಡುವ ವರಮಹಾಲಕ್ಷ್ಮಿ ವ್ರತ, ಸ್ವರ್ಣಗೌರಿ ವ್ರತಗಳು ಇರುವುದು ಪರಿಮಿತ ರಜೆಯ ಪಟ್ಟಿಯಲ್ಲಿ. ಆ ಎರಡನ್ನು ಹಿಡಿದರೆ ನೌಕರಿಯಲ್ಲಿರುವ ಗೃಹಿಣಿಯ ವರ್ಷದ ಪರಿಮಿತ ರಜೆ ಖಾಲಿ.

ಐದು ಮತ್ತು ಐದು

ಇಷ್ಟೆಲ್ಲ ಸರ್ಕಾರಿ ನೌಕರರ ಮಾತಾಯಿತು. ಕಾರ್ಖಾನೆ, ಅಂಗಡಿ, ಹೋಟೆಲುಗಳಲ್ಲಿ ದುಡಿಯುವವರಿಗೆ ಇರುವ ಆಸರೆ 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳು) ಕಾಯ್ದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನ ಕಡ್ಡಾಯ. ಇನ್ನೈದು ಹಬ್ಬದ ರಜೆಗಳು. ಒಟ್ಟು ಹತ್ತು, ಸಂಬಳ ಸಹಿತ. ರಜೆಯ ದಿನ ಕೆಲಸ ಮಾಡಿಸಿದರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೆ ಆ ದಿನದ ಕೂಲಿಯ ಜೊತೆಗೆ ಇನ್ನೊಂದು ದಿನ ಸಂಬಳ ಸಹಿತ ಬದಲಿ ರಜೆ ಕೊಡಬೇಕು.

ಗಳಿಕೆ ರಜೆಯ ವಿಚಾರದಲ್ಲೂ ಕಾನೂನು ಮಾಡಿದವರು ದೂರ ಯೋಚಿಸಿದ್ದರು. 1948ರ ಕಾರ್ಖಾನೆ ಕಾಯ್ದೆಯ 79ನೆಯ ಕಲಂ ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನ ರಜೆ ಕೊಟ್ಟಿತು. ಸಾಮಾನ್ಯವಾಗಿ 15 ದಿನ ಮೊದಲು ಅರ್ಜಿ ಕೊಡಬೇಕು. ಕೆಲಸ ನಿಲ್ಲದಂತೆ ಯಾರು ಯಾವಾಗ ರಜೆ ಹೋಗಬೇಕೆಂಬ ಯೋಜನೆಯನ್ನು ಕಾರ್ಮಿಕ ಪ್ರತಿನಿಧಿಗಳೊಡನೆ ಒಪ್ಪಂದ ಮಾಡಿಕೊಂಡು ರೂಪಿಸಬಹುದು. ಅಂಥ ಯೋಜನೆಯ ಪ್ರಕಾರವಲ್ಲದೆ ಕ್ರಮಬದ್ಧ ಅರ್ಜಿಯನ್ನು ತಳ್ಳಿಹಾಕುವಂತಿರಲಿಲ್ಲ. ರಜೆಯ ಹಂಚಿಕೆ ಒಬ್ಬರ ಮರ್ಜಿಯಲ್ಲ, ಕೂತು ಮಾತಾಡಿ ಬರೆದಿಡಬೇಕಾದ ಒಪ್ಪಂದ ಎಂಬ ತತ್ವ ಆ ಕಲಮಿನಲ್ಲಿತ್ತು. ಈ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ರಜೆಯ ಅರ್ಹತೆಯನ್ನು 240ರಿಂದ 180 ದಿನಕ್ಕೆ ಇಳಿಸಿದೆ. ಅಷ್ಟರಮಟ್ಟಿಗೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅನುಕೂಲ.

ಉಳಿದವರ ಲೆಕ್ಕ

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ದೀಪಾವಳಿಯ ಕೆಲಸದ ಪಾಳಿಯಲ್ಲಿ ನನ್ನ ಹೆಸರಿತ್ತು. ಹೊಸಬನೆಂದ ಮೇಲೆ ಇರಲೇಬೇಕು. ಊರಿನಲ್ಲಿ ಅಮ್ಮ ಎಣ್ಣೆ ನೀರಿಗೆ ಹಂಡೆ ತುಂಬಿಸಿ ಕಾಯುತ್ತಿದ್ದರು. ಪಾಳಿಯ ಪಟ್ಟಿಯ ಮುಂದೆ ನಿಂತಿದ್ದಾಗ ಹಿರಿಯ ಸಹೋದ್ಯೋಗಿಯೊಬ್ಬರು ಬಂದು, 'ನೀನು ಹೋಗಪ್ಪಾ, ನಾನು ನೋಡ್ಕೋತೀನಿ. ಕ್ರಿಸ್‌ಮಸ್‌ಗೆ ನನ್ನ ಪಾಳಿ ನಿನ್ನದು' ಎಂದರು. ಅವರು ಕ್ರೈಸ್ತರು. ಆ ಕಚೇರಿಯಲ್ಲಿ ಎಷ್ಟೋ ವರ್ಷಗಳಿಂದ ಗಣೇಶನ ಹಬ್ಬ, ದೀಪಾವಳಿಗಳಲ್ಲಿ ದೀಪ ಆರದಂತೆ ನೋಡಿಕೊಂಡವರು ಅವರೇ ಎಂದು ಆಮೇಲೆ ತಿಳಿಯಿತು. ಹಾಗೆಂದು ಅದು ಎಲ್ಲಿಯೂ ಬರೆದಿರಲಿಲ್ಲ. ಅವರು ನಿವೃತ್ತರಾದ ಮೇಲಷ್ಟೇ ಅದರ ಬೆಲೆ ನಮಗೆ ಗೊತ್ತಾದದ್ದು.

ಇಂಥ ಕೊಡುಕೊಳ್ಳುವಿಕೆ ನಮ್ಮ ಆಸ್ಪತ್ರೆಗಳಲ್ಲಿ, ಬಸ್ ಡಿಪೋಗಳಲ್ಲಿ, ಪೊಲೀಸ್ ಠಾಣೆಗಳಲ್ಲಿ ದಿನವೂ ನಡೆಯುತ್ತಿದೆ. ಹಬ್ಬಕ್ಕೆ ಊರಿಗೆ ಹೋಗುವವರಿಗಾಗಿ ಹೆಚ್ಚುವರಿ ಬಸ್ಸು ಬಿಡುತ್ತಾರೆ. ಆ ಬಸ್ಸಿನ ಚಾಲಕನ ಮನೆಯಲ್ಲೂ ಅಂದೇ ಹಬ್ಬ. ಇನ್ನು ಮನೆಗೆಲಸದವರ ಮಾತೇ ಬೇರೆ. 1963ರ ಕಾಯ್ದೆಯ ನೆರಳು ಅವರಿಗೆ ತಾಗುವುದಿಲ್ಲ. ನಮ್ಮ ಮನೆಯ ಹಬ್ಬದ ದಿನವೇ ಅವರಿಗೆ ಹೆಚ್ಚಿನ ಕೆಲಸ.

ಇದಕ್ಕೆ ಉತ್ತರ ಹೊಸ ರಜೆಗಳಲ್ಲ. ಹತ್ತು ಜನರ ಕಚೇರಿಯಲ್ಲಿ ವರ್ಷದ ಮೊದಲ ವಾರ ಎಲ್ಲರನ್ನೂ ಕೂರಿಸಿ ಒಂದೇ ಪ್ರಶ್ನೆ ಕೇಳಿದರೆ ಸಾಕು: 'ನಿಮಗೆ ತಪ್ಪಿಸಲಾಗದ ಹಬ್ಬ ಯಾವುದು?' ಒಬ್ಬರು ಎಳ್ಳು ಅಮಾವಾಸ್ಯೆ ಎನ್ನುತ್ತಾರೆ, ಒಬ್ಬರು ಬಕ್ರೀದ್, ಒಬ್ಬರು ಊರ ಮಾರಿಜಾತ್ರೆ. ಹತ್ತೂ ಜನರ ಉತ್ತರ ಒಂದೇ ಆಗುವುದು ಅಪರೂಪ. ಆದರೆ ಹೋದ ವರ್ಷ ಉಳಿದವರು ಈ ವರ್ಷ ಹೋಗಲಿ ಎಂದು ಬರೆದಿಟ್ಟರಾಯಿತು. ಐದು ಪಂಚಾಂಗಗಳ ನಾಡಿಗೆ ಅದೇನು ಕಷ್ಟದ ಕೆಲಸವಲ್ಲ.

ಮುಂದಿನ ವರ್ಷದ ಪಟ್ಟಿ ಬಂದಾಗ ನಾವೆಲ್ಲ ಎಂದಿನಂತೆ ಭಾನುವಾರಕ್ಕೆ ಬಿದ್ದ ಹಬ್ಬಗಳನ್ನು ಎಣಿಸುತ್ತೇವೆ. ಹಾಗೆಯೇ ಹಾಜರಿ ಪುಸ್ತಕವನ್ನೂ ಒಮ್ಮೆ ತೆರೆದು, ಕಳೆದ ದೀಪಾವಳಿಯ ನಡುವಿನ ಮಂಗಳವಾರ ಯಾರ ಸಹಿ ಇದೆಯೆಂದು ನೋಡುವುದು ಒಳ್ಳೆಯದು.