ಎಲ್ಲಿ ಸಿಡಿಯಿತು ಬಂಡೆ?

ಕೋಲಾರ ಚಿನ್ನದ ಗಣಿಯ ಊರಿಗೆ ನೆಲ ನಡುಗುವುದು ಹೊಸ ಸಂಗತಿಯಾಗಿರಲಿಲ್ಲ. ನಡುರಾತ್ರಿ ಗೋಡೆ ಅದುರಿ, ಅಟ್ಟದ ಮೇಲಿನ ಪಾತ್ರೆ ಉರುಳಿದರೆ ಚಾಂಪಿಯನ್ ರೀಫ್ಸ್, ಊರಿಗಾಂ, ಮಾರಿಕುಪ್ಪಂಗಳ ಕಾರ್ಮಿಕರ ಮನೆಗಳಲ್ಲಿ ಮೂಡುತ್ತಿದ್ದ ಪ್ರಶ್ನೆ 'ಭೂಕಂಪವೇ?' ಎಂಬುದಲ್ಲ. ಯಾವ ಗಣಿ, ಯಾವ ಶಾಫ್ಟ್, ಈ ಪಾಳಿಯಲ್ಲಿ ಕೆಳಗೆ ಇಳಿದವರು ಯಾರು ಎಂಬುದು. ರಕ್ಷಣೆಗೆ ಹೊರಟವರಿಗೂ ಬೇಕಾಗಿದ್ದದ್ದು ಅದೇ ಉತ್ತರ. ಅದನ್ನು ಬೇಗ ಪಡೆಯುವ ದಾರಿಗಾಗಿ ಈ ಊರು ಸುಮಾರು 80 ವರ್ಷ ಕಾಯಬೇಕಾಯಿತು.

ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ 1880ರಲ್ಲಿ ಇಲ್ಲಿ ಕಾಲಿಟ್ಟ ಮೇಲೆ ಗಣಿಗಳು ಆಳಕ್ಕೆ ಇಳಿಯುತ್ತಲೇ ಹೋದವು. ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3.2 ಕಿಲೋಮೀಟರ್ ಆಳ ಮುಟ್ಟಿ, ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರವೇ ಪ್ರತಿ ಚದರ ಸೆಂಟಿಮೀಟರಿಗೆ 800 ಕಿಲೋಗ್ರಾಮನ್ನು ಮೀರುತ್ತದೆ. ಅದಿರು ತೆಗೆದು ಟೊಳ್ಳು ಮಾಡಿದ ಜಾಗದ ಸುತ್ತ ಈ ಒತ್ತಡ ಒಂದೆಡೆ ಕೂಡಿಕೊಳ್ಳುತ್ತದೆ. ಕೋಲಾರದ ಬಂಡೆ ಬಲು ಗಟ್ಟಿ. ಮೆತ್ತಗಿನ ಬಂಡೆಯಂತೆ ನಿಧಾನವಾಗಿ ಕುಗ್ಗುವುದಿಲ್ಲ. ತಡೆಯುವಷ್ಟು ತಡೆದು ಒಮ್ಮೆಲೇ ಸಿಡಿಯುತ್ತದೆ. ಇದೇ ಶಿಲಾಸ್ಫೋಟ. ಹಳೆಯ ದಾಖಲೆಗಳು ಇದನ್ನು 'ಏರ್ ಬ್ಲಾಸ್ಟ್' ಎಂದು ಕರೆದಿವೆ. ಇಲ್ಲಿ ಇದು ಮೊದಲು ದಾಖಲಾದದ್ದು 1898ರಲ್ಲಿ, ಊರಿಗಾಂ ಗಣಿಯಲ್ಲಿ.

ಅದಕ್ಕೆ ಹಿಂದಿನ ವರ್ಷವೇ, 1897ರಲ್ಲಿ, ಕೋಲಾರದ ಗಣಿ ದುರಂತವೊಂದರಲ್ಲಿ 52 ಮಂದಿ ಸತ್ತಿದ್ದರು. ಅದರ ಬೆನ್ನಲ್ಲೇ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ ಬಲಿಯಾದರು. ಬ್ರಿಟಿಷ್ ಭಾರತದ 1901ರ ಗಣಿ ಕಾಯ್ದೆಯ ಹಿನ್ನೆಲೆಯಲ್ಲಿ ಈ ಎರಡು ದುರಂತಗಳಿವೆ.

ಗಣಿಯಲ್ಲಿ ಅವಘಡವಾದರೆ ಮೊದಲು ನೆರವಿಗೆ ಧಾವಿಸುವವರು ಹೊರಗಿನವರಲ್ಲ, ಗಣಿಯವರೇ. ಸುರಂಗದ ಒಳಹೊರಗು ಬಲ್ಲವರು ಅವರು. ಎಲ್ಲ ದೇಶಗಳ ಗಣಿ ರಕ್ಷಣಾ ತಂಡಗಳೂ ಕಟ್ಟಲ್ಪಟ್ಟಿರುವುದು ಈ ತಿಳಿವಿನ ಮೇಲೆ. ಮೈಕಟ್ಟು ಗಟ್ಟಿಯಿರುವ, ಗಾಬರಿಯಾಗದ ಕಾರ್ಮಿಕರನ್ನು ಆರಿಸಿ, ವೈದ್ಯರಿಂದ ಪರೀಕ್ಷಿಸಿ, ಆಮ್ಲಜನಕದ ಉಪಕರಣ ಹೊತ್ತು ನಡೆಯಲು ಕಲಿಸುತ್ತಾರೆ. ಐದಾರು ಮಂದಿಯ ತಂಡ, ಅದಕ್ಕೊಬ್ಬ ನಾಯಕ. ಒಳಹೊಕ್ಕವರಿಗೆ ತೊಂದರೆಯಾದರೆ ಎಂದು ಇನ್ನೊಂದು ತಂಡ ಶುದ್ಧ ಗಾಳಿಯಿರುವ ಕಡೆ ಸಜ್ಜಾಗಿ ನಿಂತಿರುತ್ತದೆ.

ಕೋಲಾರದಲ್ಲಿ ಈ ಕೆಲಸ ಇನ್ನೂ ಕಠಿಣ. ತಳದ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಗಾಳಿಯನ್ನು ಯಂತ್ರದಿಂದ ತಣಿಸದೆ ಅಲ್ಲಿ ದುಡಿಯುವಂತಿರಲಿಲ್ಲ. ಅತಿ ಆಳದ ಹಂತಗಳಿಗೆ ಒಂದೇ ಶಾಫ್ಟಿನಲ್ಲಿ ಇಳಿಯುವಂತೆಯೂ ಇರಲಿಲ್ಲ. ಒಂದು ಶಾಫ್ಟಿನಿಂದ ಇಳಿದು, ನಡೆದು, ಒಳಗಿನ ಇನ್ನೊಂದು ಶಾಫ್ಟ್ ಹಿಡಿಯಬೇಕಿತ್ತು. ಬಂಡೆ ಒಮ್ಮೆ ಸಿಡಿದು ಸುಮ್ಮನಾಗುತ್ತದೆಂಬ ಭರವಸೆಯೂ ಇಲ್ಲ. ದೊಡ್ಡ ಸ್ಫೋಟವೊಂದರ ಹಿಂದೆಯೇ ಅದೇ ಆವರಣದಲ್ಲಿ ಸರಣಿ ಸ್ಫೋಟಗಳು ಆಗುವುದುಂಟು. ಹೂತವರನ್ನು ತೆಗೆಯಲು ಹೋದವರೂ ಹೂತುಹೋಗುವ ಅಪಾಯ ಅದು. ಹೀಗಿರುವಾಗ ತಪ್ಪು ಸುರಂಗಕ್ಕೆ ಇಳಿದರೆ ನಷ್ಟವಾಗುವುದು ಬರೀ ಸಮಯವಲ್ಲ, ತಂಡದ ಕಸುವೂ ಹೌದು.

1912ರಲ್ಲಿ ಇಲ್ಲಿ ಭೂಕಂಪನಮಾಪಕ ಬಂತು. ನೆಲ ಯಾವಾಗ ನಡುಗಿತು, ಎಷ್ಟು ಜೋರಾಗಿ ನಡುಗಿತು ಎಂಬುದನ್ನು ಅದು ಬರೆದಿಡುತ್ತಿತ್ತು. ಆದರೆ ಒಂದೇ ಮಾಪಕ ಇಂಥ ಹಂತದ ಇಂಥ ಮೂಲೆ ಎಂದು ಬೆರಳು ತೋರಿಸಲಾರದು. ಕೆಳಗಿನಿಂದ ಸುದ್ದಿ ಬರಬೇಕು, ಇಲ್ಲವೇ ಹಂತ ಹಂತವಾಗಿ ಹುಡುಕಬೇಕು.

ಈ ಕೊರತೆ ನೀಗಿದ್ದು 1978ರಲ್ಲಿ. ಆಗ ಗಣಿಗಳು ಭಾರತ್ ಗೋಲ್ಡ್ ಮೈನ್ಸ್ ಕೈಯಲ್ಲಿದ್ದವು. ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ನೆಲದ ಮೇಲೂ ಗಣಿಯ ಒಳಗೂ ಜಿಯೋಫೋನ್‌ಗಳ ಜಾಲವನ್ನು ಹರಡಲಾಯಿತು. ಅದರ ತತ್ವ ಸರಳ. ಬಂಡೆ ಸಿಡಿದಾಗ ಏಳುವ ಅಲೆ ಗಟ್ಟಿ ಶಿಲೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಹತ್ತಿರದ ಜಿಯೋಫೋನ್ ಅದನ್ನು ಮೊದಲು ಕೇಳುತ್ತದೆ, ದೂರದ್ದು ಆಮೇಲೆ. ಈ ಅಂತರಗಳನ್ನು ಲೆಕ್ಕ ಹಾಕಿದರೆ ಅಲೆ ಹೊರಟ ಜಾಗ ಸಿಗುತ್ತದೆ. ಆದರೆ ಸೆಕೆಂಡಿನ ನೂರನೇ ಒಂದು ಭಾಗ ತಪ್ಪಿದರೂ 60 ಮೀಟರ್ ತಪ್ಪಿದಂತೆ. ಆದ್ದರಿಂದಲೇ ಎಲ್ಲ ಜಿಯೋಫೋನ್‌ಗಳಿಗೂ ಒಂದೇ ಗಡಿಯಾರ ಬೇಕು.

ಶಿಲಾಸ್ಫೋಟ ಯಾವ ಗಳಿಗೆಯಲ್ಲಿ ಆಗುತ್ತದೆಂದು ಈ ಜಾಲ ಖಚಿತವಾಗಿ ಮೊದಲೇ ಹೇಳಲಾರದು. ಇಂದಿಗೂ ಅದು ಯಾರಿಗೂ ಪೂರ್ತಿ ಕೈವಶವಾಗಿಲ್ಲ. ಆದರೆ ಎಲ್ಲಿ ಸಿಡಿಯಿತು, ಆ ಬಂಡೆ ಇನ್ನೂ ಸದ್ದು ಮಾಡುತ್ತಿದೆಯೇ ಎಂಬ ಎರಡು ಮಾತುಗಳನ್ನು ಹೇಳಬಲ್ಲದು. ರಕ್ಷಣೆಯ ಮಟ್ಟಿಗೆ ಮೊದಲನೆಯದು ಒಳಗೆ ಸಿಕ್ಕಿಕೊಂಡವರ ಜೀವಕ್ಕೆ ಸಂಬಂಧಿಸಿದ್ದು, ಎರಡನೆಯದು ಅವರನ್ನು ತರಲು ಹೋದವರ ಜೀವಕ್ಕೆ. 1988ರಲ್ಲಿ ಚಾಂಪಿಯನ್ ರೀಫ್ಸ್‌ನಲ್ಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಆರಂಭವಾಯಿತು.

ಜಾಗ ತಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದೂ ನಿಜ. 1989ರ ನವೆಂಬರ್‌ನಲ್ಲಿ ರಾಣಿಗಂಜ್‌ನ ಮಹಾಬೀರ್ ಕಲ್ಲಿದ್ದಲು ಗಣಿಗೆ ನೀರು ನುಗ್ಗಿದಾಗ, ಸಿಕ್ಕಿಕೊಂಡವರಿದ್ದ ಕಡೆಗೆ ಮೇಲಿನಿಂದ ಹೊಸ ರಂಧ್ರ ಕೊರೆದು, ಉಕ್ಕಿನ ಕೊಳವೆಯಂಥ ತೊಟ್ಟಿಲಿನಲ್ಲಿ 65 ಮಂದಿಯನ್ನು ಒಬ್ಬೊಬ್ಬರಾಗಿ ಮೇಲೆತ್ತಲಾಯಿತು. ಇಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ತಾವೇ ಅದರಲ್ಲಿ ಕೆಳಗಿಳಿದಿದ್ದರು. 2023ರಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು ಎಲ್ಲಿದ್ದಾರೆಂದು ಗೊತ್ತಿತ್ತು. ಆದರೂ ಅವರನ್ನು ಹೊರತರಲು 17 ದಿನ ಹಿಡಿಯಿತು. ದೊಡ್ಡ ಯಂತ್ರ ಕೆಟ್ಟು ನಿಂತಾಗ ಕೊನೆಯ ಕೆಲವು ಮೀಟರ್‌ಗಳನ್ನು ಅಗೆದದ್ದು ಇಕ್ಕಟ್ಟಿನ ಬಿಲಗಳಲ್ಲಿ ಕೈಯಿಂದಲೇ ಅಗೆದು ಅನುಭವವಿದ್ದ ಕೂಲಿಕಾರರು. ಉಪಕರಣದ ಜತೆಗೆ ಪಳಗಿದ ಕೈಯೂ ಬೇಕು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ನೆಲದ ಅದುರಾಟ ಮಾತ್ರ ಒಮ್ಮೆಲೇ ನಿಲ್ಲಲಿಲ್ಲ. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂ ಬಳಿ ಪಾಳುಬಿದ್ದ ಗಣಿಯೊಳಗೆ ಇಳಿದ ಮೂವರು ಸತ್ತರು. ಶಾಫ್ಟಿನ ಬಾಯಲ್ಲಿ ಆಗ ಪಾಳಿಯ ಲೆಕ್ಕ ಇಡುವವರೂ ಇರಲಿಲ್ಲ, ಕರೆದೊಡನೆ ಇಳಿಯಲು ಸಜ್ಜಾದ ಗಣಿಯ ತಂಡವೂ ಇರಲಿಲ್ಲ. ಚಿನ್ನ ತೆಗೆಯುವುದು ನಿಂತಿತೆಂದು ಆಳದ ಅಪಾಯ ನಿಲ್ಲುವುದಿಲ್ಲ.